ಎತ್ತಿನ ವೇಷಕ್ಕೆ ಒಂದು ಕೊಡ ನೀರು

ನನ್ನ ಬರಿಗಾಲ ಮೇಲೆ ತಣ್ಣನೆಯ ನೀರು ಬಿತ್ತು. ಎತ್ತಿನ ಮುಖವಾಡದ ಕಿಂಡಿಯಿಂದ ನೋಡಿದೆ. ಅಜ್ಜಿಯೊಬ್ಬರು, ಹೊಲದಿಂದ ಬಂದ ಎತ್ತಿಗೆ ಎರೆಯುವಂತೆ, ಕೊಡದಿಂದ ನನ್ನ ಕಾಲಿಗೆ ನೀರು ಹಾಕುತ್ತಿದ್ದರು.

ಉಳಿದ ಅನ್ನವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯಬೇಡಿ, ದನಗಳು ಚೀಲ ಸಮೇತ ನುಂಗುತ್ತವೆ ಎಂದು ಹೇಳಲು ಶಲವಡಿ ಎಂಬ ಹಳ್ಳಿಗೆ ಹೋಗಿದ್ದೆವು. ವೇಷ ನನ್ನದು, ಮೈಕು ಗೆಳೆಯನದು. ಎತ್ತು ಮಾತಾಡಬಾರದೆಂದು ನಾವೇ ಮಾಡಿಕೊಂಡಿದ್ದ ನಿಯಮ. ಬಿಸಿಲಿಗೆ ತಲೆ ಸುತ್ತುತ್ತಿದ್ದರೂ ನಾನು ತುಟಿ ಬಿಚ್ಚಿರಲಿಲ್ಲ.

ಅಜ್ಜಿ ನನ್ನನ್ನು ಬಸವಣ್ಣನೆಂದೇ ತಿಳಿದರೇನೋ ಅಂದುಕೊಂಡೆ. ಅಷ್ಟರಲ್ಲಿ ಅವರು ಗೆಳೆಯನನ್ನು ಗದರಿದರು: "ಮೈಕ್ ಬಾಜೂಕ ಇಡೋ ತಮ್ಮಾ, ಮದಲ ಇವನ ಮುಖವಾಡ ತಗಿ. ಆಗಿಂದ ಕಾಲ ನಡಗಾಕತ್ತಾವು. ಎತ್ತಾದ್ರೇನು, ಮನಷ್ಯಾ ಆದ್ರೇನು, ಬಿಸಲ ಎಲ್ಲಾರಿಗೂ ಒಂದ."

ಮುಖವಾಡ ಕಳಚಿ ಗಾಳಿ ತಾಕಿದಾಗ ಹೋದ ಜೀವ ಬಂದಂತಾಯಿತು. ಅವರ ಮನೆಯ ಕಟ್ಟೆಯ ಮೇಲೆ ಕೂತು ಎರಡು ತಂಬಿಗೆ ನೀರು ಕುಡಿದೆ.

ಮಾತು ಬಾರದ ದನಗಳ ಸಂಕಟ ತಿಳಿಸಲೆಂದು ಆ ಊರಿಗೆ ಹೋದವನು ನಾನು. ಕಾಲು ನಡುಗಿದ್ದನ್ನು ಕಂಡೇ ಸಂಕಟ ತಿಳಿಯುವ ಅಜ್ಜಿಗೆ ನಮ್ಮ ಮೈಕು ಬೇಕಿರಲಿಲ್ಲ.