ನಡುವೆ ಮುರಿಯಬೇಕು

ಆ ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲಿ ಸಂಜೆಯ ಮೊದಲ ಪ್ರಶ್ನೆ ಒಂದೇ. ಸೊಸೆ ಪವಾಯಿಯಿಂದ ಬಂದು ಒದ್ದೆ ಕೊಡೆಯನ್ನು ಬಾಲ್ಕನಿಯಲ್ಲಿ ಬಿಡಿಸಿಡುವ ಮುಂಚೆಯೇ ನಾನು ಕೇಳುತ್ತಿದ್ದೆ, "ಮುರಿಯಿತಾ?"

"ಮುರೀತ್ರಿ ಅತ್ತಿ. ಆದ್ರ ಎಲ್ಲಿ ಮುರೀಬಾರದಿತ್ತೋ ಅಲ್ಲೇ ಮುರೀತು."

ಅವಳು ವಿಜಯಪುರದ ಕಡೆಯವಳು. ಪವಾಯಿಯ ಇಂಜಿನಿಯರಿಂಗ್ ಸಂಸ್ಥೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ಬಾಳೆನಾರನ್ನು ರಾಳದಲ್ಲಿ ಅದ್ದಿ, ಒತ್ತಿ, ಬಿಸಿ ಮಾಡಿ ಹಲಗೆಯಂಥ ಹಾಳೆ ತಯಾರಿಸುವುದು ಅವಳ ಕೆಲಸ. ಅದನ್ನು ಕಾಂಪೋಸಿಟ್ ಎನ್ನುತ್ತಾರೆ. ಎಂದಾದರೂ ಒಂದು ದಿನ ಲೋಕಲ್ ರೈಲಿನ ಸೀಟಿಗೆ ಅದರಿಂದ ಬೆನ್ನು ಕಟ್ಟುತ್ತಾರಂತೆ. ಮಲ್ಲಿಗೆ ಕಟ್ಟುವುದು ಬಿಟ್ಟರೆ ಬಾಳೆನಾರಿಗೆ ಬೇರೆ ಉದ್ಯೋಗವಿದೆ ಎಂದು ನಾನು ಎಣಿಸಿದವಳೇ ಅಲ್ಲ.

ಹಾಳೆಯನ್ನು ಸ್ಕೇಲಿನಂಥ ಪಟ್ಟಿಗಳಾಗಿ ಕತ್ತರಿಸಿ, ಮೇಲೂ ಕೆಳಗೂ ಯಂತ್ರದ ಗ್ರಿಪ್ಪಿನಲ್ಲಿ ಕಚ್ಚಿಸಿ, ಮುರಿಯುವ ತನಕ ಎಳೆಯಬೇಕು. ಎಷ್ಟು ಎಳೆತ ತಾಳಿತೋ ಅಷ್ಟು ಅದರ ಶಕ್ತಿ. ಆದರೆ ಮುರಿಯುವುದು ನಡುವೆಯೇ ಆಗಬೇಕು. ಗ್ರಿಪ್ಪಿನ ಬಾಯಲ್ಲಿ ಮುರಿದರೆ ಕಚ್ಚಿದ ಪೆಟ್ಟಿಗೆ ಮುರಿಯಿತು ಎಂದಾಗುತ್ತದೆ, ಲೆಕ್ಕಕ್ಕಿಲ್ಲ. ಇದನ್ನು ಅವಳು ನನ್ನದೇ ಒಂದು ಚಪಾತಿಯ ಎರಡು ಅಂಚು ಹಿಡಿದು ಜಗ್ಗಿ ತೋರಿಸಿದ್ದಳು. ಅದು ಸ್ವಲ್ಪ ಹೊತ್ತು ತಡೆದು, ಸರಿಯಾಗಿ ನಡುವೆ ಹರಿಯಿತು. "ನೋಡ್ರಿ, ನಿಮ್ಮ ಚಪಾತಿ ಪಾಸ್," ಎಂದಳು. ಹೊಗಳಿಕೆಯೋ ಅಲ್ಲವೋ ನನಗೆ ಇನ್ನೂ ಗೊತ್ತಾಗಿಲ್ಲ.

ಯಂತ್ರ ಸಿಗುವ ಕೊನೆಯ ದಿನ ಬಂದಾಗ, ಕೊನೆಯ ಹಾಳೆಯ ಪಟ್ಟಿಗಳಲ್ಲಿ ಒಂದೇ ಒಂದು ಸರಿಯಾದ ಮುರಿತ ಬಾಕಿ ಇತ್ತು. ಉಳಿದ ಪಟ್ಟಿಗಳು ಎರಡು. ಯಂತ್ರ ಆ ಮಧ್ಯಾಹ್ನದವರೆಗೆ ಅವಳದು, ಆಮೇಲೆ ದೀಪಾವಳಿ ಕಳೆಯುವವರೆಗೂ ಬೇರೆಯವರದು. ಎರಡೂ ಕೈಕೊಟ್ಟರೆ ಹೊಸ ಹಾಳೆ ಮಾಡಿ ಎಲ್ಲವನ್ನೂ ಮೊದಲಿನಿಂದ ಎಳೆಯಬೇಕು. ಪ್ರಬಂಧ ಒಪ್ಪಿಸುವುದು ಮುಂದಿನ ವರ್ಷಕ್ಕೆ.

ಬಾಳೆನಾರಿಗೆ ತೇವ ಆಗದು, ಲ್ಯಾಬಿನ ಕಪಾಟೋ ಮಳೆಗೆ ಸೋರುತ್ತಿತ್ತು. ಅದಕ್ಕೇ ಪಟ್ಟಿಗಳು ತೇವ ಹೀರುವ ಪುಟ್ಟ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ನಮ್ಮ ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ಇದ್ದವು. ಅದೇ ಸೆಟ್ಟಿನ ಇನ್ನೊಂದು ಡಬ್ಬಿಯಲ್ಲಿ, ಅದೇ ಕಾರಣಕ್ಕೆ, ನನ್ನ ಚಕ್ಕುಲಿ. ಅಂದು ಬೆಳಿಗ್ಗೆ ಲ್ಯಾಬಿನಿಂದ ಅವಳ ಫೋನು.

"ಅತ್ತಿ, ಡಬ್ಬಿ ತೆಗದ್ರ ಒಳಗ ಚಕ್ಕಲಿ ಅವ. ಮಷೀನಿಗೆ ಚಕ್ಕಲೀನ ಹಚ್ಚಲೇನ್ರಿ?"

ನಗುತ್ತಿದ್ದಳು, ಆದರೆ ಆ ನಗು ಯಾವ ಗಳಿಗೆಯಲ್ಲಾದರೂ ಅಳುವಾಗುವಂತಿತ್ತು. ಮಗ ಆಫೀಸಿಗೆ ಹೋಗಿಯಾಗಿತ್ತು. ನಾನು ಫೋನು ಕಿವಿಗಿಟ್ಟುಕೊಂಡೇ ಪಟ್ಟಿಗಳ ಡಬ್ಬಿಯನ್ನು ಎದೆಗವಚಿಕೊಂಡು ಲಿಫ್ಟು ಹತ್ತಿದೆ. "ಅಳಬೇಡ ಮಗಾ, ಮಧ್ಯಾಹ್ನದೊಳಗೆ ಮುರೀತದೆ. ನಾನೇ ಬರ್ತಿದ್ದೇನೆ," ಎಂದು ಫೋನಿಟ್ಟೆ.

ಲಿಫ್ಟಿನಲ್ಲಿ ಮೇಲಿನ ಮಹಡಿಯ ಉಡುಪಿಯ ಅಕ್ಕ ಇದ್ದರು. ನನ್ನ ಮಾತು ಕೇಳಿಸಿಕೊಂಡವರೇ ಮೊಣಕೈ ಹಿಡಿದುಕೊಂಡರು.

"ಎಂತ ಮಾಡ್ಲಿಕ್ಕೆ ಹೊರಟದ್ದು ನೀವು? ಅತ್ತೆ ಆದವರು ಜೋಡಿಸ್ಲಿಕ್ಕೆ ನೋಡ್ಬೇಕು ಮಾರಾಯ್ರೆ, ಮುರಿಲಿಕ್ಕೆ ಹೋಗುದಾ?"

"ಮದುವೆ ಅಲ್ಲ ಅಕ್ಕಾ, ಪಟ್ಟಿ."

"ಎಂತ ಪಟ್ಟಿ?"

"ಬಾಳೆನಾರಿನದ್ದು."

ಅವರ ಮುಖದಲ್ಲಿ ಈಗ ಸೊಸೆಯ ಬಗ್ಗೆ ಇದ್ದ ಚಿಂತೆ ಹೋಗಿ ನನ್ನ ಬಗ್ಗೆ ಶುರುವಾಯಿತು. ನನಗೆ ನಗು ತಡೆಯಲಾಗಲಿಲ್ಲ. ಚೆಂಬೂರಿನಿಂದ ಪವಾಯಿಯವರೆಗೆ ರಿಕ್ಷಾದಲ್ಲಿ ಒಬ್ಬಳೇ ನಗುತ್ತಾ, ಪ್ರತಿ ಗುಂಡಿಗೂ ಡಬ್ಬಿಯನ್ನು ಮಗುವಿನ ಹಾಗೆ ಮೇಲೆತ್ತುತ್ತಾ ಹೋದೆ.

ಲ್ಯಾಬಿನಲ್ಲಿ ಯಂತ್ರ ನೋಡಿಕೊಳ್ಳುವ ಮರಾಠಿ ಮನುಷ್ಯ, "ಕಾಕೂ, ಚಷ್ಮಾ ಘಾಲಾ," ಎಂದು ದೊಡ್ಡ ಪ್ಲಾಸ್ಟಿಕ್ ಕನ್ನಡಕ ಕೊಟ್ಟ. ನನ್ನ ಕನ್ನಡಕದ ಮೇಲೆಯೇ ಏರಿಸಿಕೊಂಡೆ. ಮೊದಲ ಪಟ್ಟಿಯನ್ನು ಕಚ್ಚಿಸಿದರು. ಯಂತ್ರ ಎಳೆಯುತ್ತಿದೆ ಎಂದು ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಅಷ್ಟು ನಿಧಾನ. ಪಟಕ್ಕೆಂದಿತು. ಮೇಲಿನ ಗ್ರಿಪ್ಪಿನ ಬಾಯಲ್ಲೇ ಹೋಗಿತ್ತು.

ಸೊಸೆ ಕೊನೆಯ ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ, ನೇರವಾಗಿದೆಯೇ ಎಂದು ಬಾಗಿ ಬಾಗಿ ನೋಡಿ ಕೂರಿಸಿದಳು. ಅವಳ ಕುತ್ತಿಗೆಯ ಹಿಂದೆ ಬೆವರು ಮೂಡಿತ್ತು.

ಪರೀಕ್ಷೆಯ ಹೊತ್ತಿಗೆ ಕಣ್ಣು ಮುಚ್ಚಿ ಕೈಜೋಡಿಸುವುದು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಅಭ್ಯಾಸ. ಹಾಗೆಯೇ ನಿಂತೆ, ಆದರೆ ಬೇಡಿಕೊಳ್ಳಲು ಹೋಗಿ ತಡವರಿಸಿದೆ. ಕಾಪಾಡು ಎಂದು ಕೇಳಿ ಗೊತ್ತೇ ವಿನಾ ಮುರಿ ಎಂದು ಕೇಳಿ ಅಭ್ಯಾಸವಿರಲಿಲ್ಲ. ದೇವರೇ, ಮುರಿ, ಆದರೆ ನಡುವೆ, ಎಂದೆ. ಜಾಗವನ್ನೂ ಹೇಳಿ ಬೇಡುತ್ತಿದ್ದೇನಲ್ಲ ಎಂದು ಮತ್ತೆ ನಗು ಉಕ್ಕಿತು.

"ಅತ್ತಿ, ಸುಮ್ನಿರ್ರಿ," ಎಂದು ಸೊಸೆ ಪಿಸುಗುಟ್ಟಿದಳು.

ಟಿಕ್ ಎಂದಿತು. ಮತ್ತೆ ಟಿಕ್.

"ಒಳಗ ಒಂದೊಂದ ನಾರು ಹರ್ಯಾಕತ್ತೈತಿ."

ಟಿಕ್‌ಗಳು ಒಗ್ಗರಣೆಯ ಸಾಸಿವೆಯಂತೆ ಒತ್ತೊತ್ತಾಗಿ ಬಂದವು. ಆಮೇಲೆ ಒಂದು ದೊಡ್ಡ ಸದ್ದು. ಕಣ್ಣು ತೆರೆದಾಗ ಪಟ್ಟಿ ನಡುವೆ ಎರಡಾಗಿತ್ತು, ಮುರಿದ ಬಾಯಿಂದ ಹೊಂಬಣ್ಣದ ನಾರುಗಳು ಬ್ರಷ್ಷಿನ ಹಾಗೆ ಕೆದರಿ ನಿಂತಿದ್ದವು. ಅವಳು ಮೊದಲು ಪಟ್ಟಿ ನೋಡಿದಳು, ಆಮೇಲೆ ಪರದೆ.

"ನಾ ಅಂದ್ಕೊಂಡದ್ದಕ್ಕಿಂತ ಕಡಿಮಿ ಬಂತು," ಎಂದಳು.

ನನ್ನ ಮುಖ ಸಪ್ಪಗಾಯಿತು.

"ಇರವಲ್ದ್ಯಾಕ ಬಿಡ್ರಿ. ಅದರಾಗ ಎಷ್ಟ್ ಇತ್ತೋ ಅಷ್ಟು ಹೇಳೇತಿ. ಲೆಕ್ಕಕ್ಕ ಬಂತ್ರಿ ಅತ್ತಿ, ಲೆಕ್ಕಕ್ಕ ಬಂತು."

ತಬ್ಬಿಕೊಳ್ಳಲು ಬಂದಳು. ಇಬ್ಬರ ಪ್ಲಾಸ್ಟಿಕ್ ಕನ್ನಡಕಗಳೂ ಒಂದಕ್ಕೊಂದು ಢಿಕ್ಕಿ ಹೊಡೆದವು. ಮರಾಠಿ ಮನುಷ್ಯನೂ ನಕ್ಕು, ಬಾಗಿಲ ಕಡೆ ಕೈ ಮಾಡಿದ. ಮುಂದಿನ ಸರದಿಯ ಹುಡುಗಿ ತನ್ನ ಪಟ್ಟಿಗಳನ್ನು ಹಿಡಿದು ನಿಂತಿದ್ದಳು. ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪಾಗಿತ್ತು. ಅವಳನ್ನು ದಾಟಿ ಹೋಗುವಾಗ ನನಗೇ ತಿಳಿಯದಂತೆ ಅವಳ ತಲೆ ಸವರಿ, ನಡುವೆಯೇ ಮುರಿಯುತ್ತದೆ ಎಂದು ಹಿಂದಿಯಲ್ಲಿ ಹರಸಿದೆ.

"ಬೀಚ್ ಮೇಂ ಟೂಟೇಗಾ, ಬೇಟಾ."

"ಥ್ಯಾಂಕ್ಯೂ ಆಂಟಿ," ಎಂದಳು ಅವಳು, ಚೂರೂ ನಗದೆ.