ಒಂದು ಕೈಯ ಮುದ್ದೆ

ಅರಸೀಕೆರೆಯ ಆಸ್ಪತ್ರೆಯಲ್ಲಿ ನಮ್ಮಮ್ಮನ ಪಕ್ಕದ ಮಂಚ ಹಾರನಹಳ್ಳಿಯ ಅಜ್ಜಿಯೊಬ್ಬರದು. ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು, ದನಿ ಮಾತ್ರ ಬಿದ್ದಿರಲಿಲ್ಲ. ಡಾಕ್ಟರು ಏನೇ ಹೇಳಲಿ, ಎಡಗೈಯಿಂದ ಮಂಚ ಕುಟ್ಟಿ "ನನ್ನ ಕೇಳಿದ್ರಾ?" ಎನ್ನುತ್ತಿದ್ದರು.

ಮನೆಗೆ ಕಳಿಸುವ ಮಾತು ಬಂದಾಗ ಮಗ, "ಬೇಲೂರಿಗೆ, ನಮ್ಮನೆಗೆ ಕರ್ಕೊಂಡೋಗ್ತೀನಿ" ಎಂದ.

"ನನ್ನ ಕೇಳಿದ್ಯಾ? ಹಾರನಹಳ್ಳೀಲಿ ಕಣ್ಣು ಕಾಣದ ಅಕ್ಕ ಅವ್ಳೆ. ಅವ್ಳಿಗೆ ಬೇಯ್ಸಿ ಇಕ್ಕೋರ್ಯಾರ್ಲಾ?"

"ಒಂದೇ ಕೈಲಿ ಹೆಂಗವ್ವ ಬೇಯಿಸ್ತೀಯ?"

ಮರುದಿನ ಫಿಸಿಯೋಥೆರಪಿಯ ಹುಡುಗಿ ಅವರನ್ನು, ರೋಗಿಗಳಿಗೆ ಮನೆಗೆಲಸ ಅಭ್ಯಾಸ ಮಾಡಿಸುವ ಅಡುಗೆಕೋಣೆಗೆ ಕರೆದೊಯ್ದು, ಟೀ ಮಾಡಿ ತೋರಿಸಿ ಎಂದಳು. ಆಸರೆಗೆಂದು ನಾನೂ ಜೊತೆಗೆ ಹೋಗಿದ್ದೆ.

"ಟೀ ಕುಡ್ದು ಯಾರ ಹೊಟ್ಟೆ ತುಂಬ್ತದೆ?" ಎಂದವರೇ ಮಗನಿಂದಲೇ ರಾಗಿಹಿಟ್ಟು, ಮುದ್ದೆ ತಿರುವುವ ಕೋಲು, ಕವೆಗೋಲು ತರಿಸಿದರು. ಹಿಟ್ಟು ಬೆಂದ ಮೇಲೆ ಹಿಡಿಕೆಯ ಪಾತ್ರೆಯನ್ನು ಎಡಗೈಯಲ್ಲೇ ನೆಲಕ್ಕಿಳಿಸಿ ಕುಳಿತರು. ಪಾತ್ರೆ ಅಲುಗದಂತೆ ತಡೆಯುವ ಕವೆಗೋಲನ್ನು ಎಡಗಾಲಲ್ಲಿ ಅದುಮಿ ಹಿಡಿದು, ಬೆವರಿಳಿಯುವ ತನಕ ತಿರುವಿದರು.

"ಮುದ್ದೆ ಪಾತ್ರೆ ಹಿಡ್ಯೋದು ಯಾವತ್ತೂ ಕಾಲೇ ಕಣ್ಲಾ."

ಮುದ್ದೆ, ಸಾರಿನ ತಟ್ಟೆಯನ್ನು ಮಗನ ಮುಂದೆ ತಳ್ಳಿದರು. "ನುಂಗು. ಗಂಟು ಸಿಕ್ರೆ ಬೇಲೂರಿಗೇ ಬತ್ತೀನಿ."

ಅವನ ಬೆರಳಿಗೆ ಗಂಟು ಸಿಕ್ಕಿದ್ದನ್ನು ನಾನು ನೋಡಿದೆ. ಅವನು ಅದನ್ನು ಸಾರಿನಲ್ಲಿ ಹೊರಳಿಸಿ ನುಂಗಿದ.

"ಸಿಕ್ತೇನ್ಲಾ?"

"ಇಲ್ಲ ಕಣವ್ವ."

"ಹಂಗಾದ್ರೆ ಹಾರನಹಳ್ಳಿಗೆ ಟೆಂಪೋ ಹೇಳು."