ಜರಡಿಗೆ ಹಚ್ಚಿದ ಕುಂಕುಮ

ಈ ಸಲದ ಖಂಡೇಪೂಜೆಯ ದಿನ ನಾನು ಒಂದು ವೆಬ್‌ಸೈಟಿಗೆ ಕುಂಕುಮ ಹಚ್ಚಿ, ಹೂ ಏರಿಸಿ, ಕೈ ಮುಗಿದು, ಆರಿಸಿಬಿಟ್ಟೆ.

ನಗಬೇಡಿ. ಬೇರೆಯವರ ವೆಬ್‌ಸೈಟು ಎಲ್ಲಿರುತ್ತದೋ ನನಗೆ ಗೊತ್ತಿಲ್ಲ. ನಮ್ಮದು ಬೆಟಗೇರಿಯಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಜಗಲಿಯ ಪಕ್ಕದ ಸ್ಟೂಲಿನ ಮೇಲೆ, ಒಂದು ಹಳೆಯ ಕಂಪ್ಯೂಟರ್ ಡಬ್ಬಿಯೊಳಗೆ ಇದೆ. ಹಗಲೂ ರಾತ್ರಿ ಗುಂಯ್ ಎನ್ನುತ್ತಿರುತ್ತದೆ. ಮುಂದೆ ಒಂದು ಹಸಿರು ದೀಪ. ಸಂಜೆ ನಾನು ದೇವರಿಗೆ ದೀಪ ಹಚ್ಚಿದರೆ ಪಕ್ಕದಲ್ಲಿ ಇದೂ ಒಂದು ಮಿಣುಕುತ್ತಿರುತ್ತದೆ. ಎರಡು ದೀಪ ಒಟ್ಟಿಗೆ ಕಂಡಾಗ ನಾನು, ಮನೆಯವರು, ಅತ್ತೆ ಅಲ್ಲದೆ ಮನೆಯಲ್ಲಿ ಇನ್ನೂ ಯಾರೋ ಇದ್ದಾರೆ ಅನಿಸುತ್ತದೆ.

ನಮ್ಮ ಮನೆಯವರು ಗದುಗಿನ ಒಂದು ಹತ್ತಿ ಕಾರ್ಖಾನೆಯ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ಪ್ರೋಗ್ರಾಮ್ ಬರೆಯುವುದನ್ನು ಯಾವ ಕಾಲೇಜಿನಲ್ಲೂ ಕಲಿತವರಲ್ಲ, ಪುಸ್ತಕ ಇಟ್ಟುಕೊಂಡು ತಾವೇ ಕಲಿತವರು. ಎರಡು ವರ್ಷದ ಹಿಂದೆ ಅವರೊಂದು ಉಪಕರಣ ಮಾಡಿದರು. ಪ್ರೋಗ್ರಾಮ್ ಬರೆಯುವವರು ಬರೆಯುತ್ತಾ ಹೋದಂತೆ ಅದರೊಳಗೆ ಹಳೆಯ, ಕೆಲಸಕ್ಕೆ ಬಾರದ ಸಾಲುಗಳು ಉಳಿದುಬಿಡುತ್ತವಂತೆ. ಅಂಥವನ್ನು ಹುಡುಕಿ ಬೇರೆ ಮಾಡಿ ತೋರಿಸುವುದು ಇದರ ಕೆಲಸ. ನನಗೆ ಅದನ್ನು ವಿವರಿಸಲು ಅವರು ಅರ್ಧ ತಾಸು ಒದ್ದಾಡಿದರು. ನಾನು ಆಗ ಜೋಳ ಹಸನು ಮಾಡುತ್ತಿದ್ದೆ. ಕಡೆಗೆ, ಅಂದರೆ ಜರಡಿ ಅನ್ನಿ, ಎಂದೆ. ಅದೇ ಹೆಸರಾಯಿತು. ಜರಡಿ.

ವೆಬ್‌ಸೈಟಿಗೆ ಹೋಗಿ ನಿಮ್ಮ ಪ್ರೋಗ್ರಾಮನ್ನು ಅದರ ಬಾಯಿಗೆ ಹಾಕಿದರೆ ಕಾಳು ಒಂದು ಕಡೆ, ಕಸ ಒಂದು ಕಡೆ. ಯಾರು ಬೇಕಾದರೂ ಬಳಸಬಹುದು, ಪುಕ್ಕಟೆ.

ಅದರಲ್ಲಿ ನನ್ನದೂ ಎರಡು ಕೆಲಸವಿದೆ, ಹೇಳಿಕೊಳ್ಳದಿದ್ದರೆ ಹೇಗೆ? ಬಳಸುವ ಬಗೆ ತಿಳಿಸುವ ಸಹಾಯದ ಪುಟವನ್ನು ಮೊದಲು ಅವರೇ ಬರೆದಿದ್ದರು. ಅದನ್ನು ಓದಿದರೆ ಬರುವವರೂ ಓಡಿಹೋಗುವಂತಿತ್ತು. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಮೊದಲು ಸ್ವಲ್ಪ ಹಾಕಿ ನೋಡಿ, ಒಮ್ಮೆಲೇ ಸುರಿಯಬೇಡಿ, ಕಸ ಅಂತ ಬಂದದ್ದನ್ನೂ ಎಸೆಯುವ ಮೊದಲು ಒಮ್ಮೆ ಕೈಯಾಡಿಸಿ. ಅವರು ಹಾಗೆಯೇ ಇಂಗ್ಲಿಷಿಗೆ ತಂದರು. ಇನ್ನೊಂದು, ಸೋಸಿ ಕೊಟ್ಟ ಪ್ರತಿ ಪ್ರೋಗ್ರಾಮಿನ ಕೆಳಗೆ 'ಬೆಟಗೇರಿಯಲ್ಲಿ ಸೋಸಿದ್ದು' ಎಂಬ ಒಂದು ಸಾಲು, ಜೊತೆಗೆ ನಮ್ಮ ಮೇಲ್ ವಿಳಾಸ. ನಮ್ಮ ಓಣಿಯ ಹಿರಿಯ ನೇಕಾರರೊಬ್ಬರು ಸೀರೆಯ ತುದಿಯಲ್ಲಿ ಬೆರಳ ತುದಿಯಷ್ಟು ಗುರುತು ನೇಯ್ದು ಬಿಡುತ್ತಿದ್ದರು. ಅದನ್ನು ನೋಡಿ ಹುಟ್ಟಿದ ಯೋಚನೆ.

ಮಧ್ಯಾಹ್ನ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು, ವೆಬ್‌ಸೈಟಿನ ಮೇಲ್ ತೆರೆದು ನೋಡುವವಳೂ ನಾನೇ. (ಸಹಾಯ ವಿಭಾಗದ ಮುಖ್ಯಸ್ಥೆ, ಗುಮಾಸ್ತೆ, ಜವಾನ ಎಲ್ಲಾ ಒಬ್ಬಳೇ.) ಏನಿರುತ್ತಿತ್ತು ಅದರಲ್ಲಿ? ಜಾಹೀರಾತು. ಲಾಟರಿ ಹತ್ತಿದೆ ಎನ್ನುವವರು. ಜರಡಿಯ ಬಗ್ಗೆ ಒಂದು ಅಕ್ಷರ ಇಲ್ಲ. ಎರಡು ವರ್ಷ.

ಆದರೂ ಆ ಹೊತ್ತು ನನಗೆ ಇಷ್ಟ. ಓಣಿಯ ಮಗ್ಗಗಳ ಸದ್ದು ಒಂದೇ ಲಯದಲ್ಲಿ ಬಡಿಯುತ್ತಿರುತ್ತದೆ. ಬಿಸಿಲು ಕಿಟಕಿಯಿಂದ ಇಳಿದು ಚಾಪೆಯ ಮೇಲೆ ಮಲಗಿರುತ್ತದೆ. ಕಣ್ಣು ಅರ್ಧ ಮುಚ್ಚಿದರೆ, ಹೆಸರು ಗೊತ್ತಿಲ್ಲದ ಯಾವುದೋ ಊರಿನಲ್ಲಿ ಯಾರೋ ನಮ್ಮ ಜರಡಿ ಆಡಿಸುತ್ತಿದ್ದಾರೆ ಅನಿಸುತ್ತದೆ. ಅಲ್ಲೀಗ ಬೆಳಗಿನ ಚಹಾದ ಹೊತ್ತೋ, ಹಿಮ ಬೀಳುತ್ತಿದೆಯೋ. ಅವರಿಗೆ ಬೆಟಗೇರಿ ಗೊತ್ತಿಲ್ಲ, ನನಗೆ ಅವರು ಗೊತ್ತಿಲ್ಲ. ನಡುವೆ ಒಂದು ಹಸಿರು ದೀಪ.

ಹೋದ ಚಳಿಗಾಲದಲ್ಲಿ ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಹೋಗಿದ್ದೆವು. ನೀರಿನ ತುಂಬ ಹಕ್ಕಿ. ಎಷ್ಟೋ ಪರ್ವತ ದಾಟಿ ಬಂದವು. ಕೆರೆಗೆ ಹೆಸರು ಹೇಳುವುದಿಲ್ಲ, ಹೋಗುವಾಗ ಬರುತ್ತೇನೆ ಅನ್ನುವುದಿಲ್ಲ. ನಮ್ಮ ಮನೆಯ ಡಬ್ಬಿಗೂ ಹೀಗೇ ಬಂದು ಹೋಗುತ್ತಿರಬಹುದಲ್ಲ ಎಂದೆ. ಮನೆಯವರು ನಕ್ಕರು. ವೆಬ್‌ಸೈಟಿನ ಲೆಕ್ಕದಲ್ಲಿ ಬಂದುಹೋದವರು ಕಾಣುತ್ತಾರೆ, ಆದರೆ ಹೆಚ್ಚಿನವು ಮನುಷ್ಯರಲ್ಲ, ಇಂಟರ್‌ನೆಟ್ ತುಂಬ ಸುಮ್ಮನೆ ತಿರುಗುವ ಯಂತ್ರಗಳು ಎಂದರು. ಅಂದು ಅವರ ನಗು ನನಗೆ ಸರಿ ಕಾಣಲಿಲ್ಲ.

ಯಾಕೆಂದರೆ ಜರಡಿ ಮಾಡುವಾಗ ಅವರು ಬೇರೆ ಮನುಷ್ಯನೇ ಆಗಿದ್ದರು. ಬಚ್ಚಲಲ್ಲಿ ಹಾಡುತ್ತಿದ್ದರು. ರೊಟ್ಟಿ ಮುರಿಯುತ್ತಾ ನಡುವೆ ಕೈ ನಿಲ್ಲಿಸಿ ತಮ್ಮಷ್ಟಕ್ಕೆ ನಗುತ್ತಿದ್ದರು. ಅದು ನಿಧಾನಕ್ಕೆ ಕಡಿಮೆಯಾಗುತ್ತಾ ಬಂದಿತ್ತು. ಹಬ್ಬದ ಹಿಂದಿನ ವಾರ ಹೇಳಿಬಿಟ್ಟರು, ದಸರಾ ಮುಗಿದ ಮೇಲೆ ವೆಬ್‌ಸೈಟು ಮುಚ್ಚುತ್ತೇನೆ, ಡಬ್ಬಿಯನ್ನು ಲಕ್ಷ್ಮೇಶ್ವರಕ್ಕೆ ನಿನ್ನ ತಂಗಿಗೆ ಕಳಿಸೋಣ. ನನ್ನ ತಂಗಿಗೆ ಅಲ್ಲಿ ಝೆರಾಕ್ಸ್ ಅಂಗಡಿ ಇದೆ. ಸುದ್ದಿ ಕೇಳಿದ್ದೇ ತಡ, ಅವಳು ದಿನಾ ಫೋನು. "ಅಕ್ಕಾ, ಗಿರಾಕಿ ಇಲ್ಲದ ಅಂಗಡಿ ಬಾಗಲಾ ತೆರದ ಕುಂತು ಏನ್ ಮಾಡ್ತೀರಿ? ಜಲ್ದಿ ಕಳಸ್ರಿ."

ಹೀಗಿರುವಾಗ ಬಂತು ಖಂಡೇಪೂಜೆ, ದಸರೆಯ ಆಯುಧಪೂಜೆ.

ನಮ್ಮ ಮನೆಯಲ್ಲಿ ಪೂಜೆಗಿಟ್ಟ ಹತ್ಯಾರವನ್ನು ಮರುದಿನ ಬನ್ನಿ ಮುಡಿಯುವವರೆಗೆ ಮುಟ್ಟುವುದಿಲ್ಲ. ಕಾಯಿಪಲ್ಲೆ ಹಿಂದಿನ ದಿನವೇ ಹೆಚ್ಚಿಡುತ್ತೇವೆ. ಓಣಿಯ ಮಗ್ಗಗಳೂ ಅಂದು ನಿಲ್ಲುತ್ತವೆ. ವರ್ಷವಿಡೀ ಕೇಳಿ ಕೇಳಿ ಕಿವಿಗೆ ಬೀಳದ ಸದ್ದು, ನಿಂತಾಗಲೇ ಕೇಳಿಸುತ್ತದೆ. ಊರೇ ನೀರಿನಡಿ ಇದ್ದ ಹಾಗೆ.

ಮನೆಯವರು ಗಾಡಿ ಮನೆಯಲ್ಲೇ ಬಿಟ್ಟು ಬೆಳಿಗ್ಗೆಯೇ ಕಾರ್ಖಾನೆಯ ಪೂಜೆಗೆ ಹೋದರು. ನಾನು ಈಳಿಗೆ, ಕತ್ತರಿ, ಹೊಲಿಗೆ ಯಂತ್ರ, ಅವರ ಗಾಡಿ ಎಲ್ಲಕ್ಕೂ ವಿಭೂತಿ, ಕುಂಕುಮ ಹಚ್ಚುತ್ತಾ ಬಂದೆ. (ಫೋನನ್ನು ಮಾತ್ರ ಯಾರೂ ಪೂಜೆಗಿಡುವುದಿಲ್ಲ, ಗಮನಿಸಿದ್ದೀರಾ?) ಕಡೆಗೆ ಡಬ್ಬಿಗೂ ಕುಂಕುಮ ಹಚ್ಚಿ, ಚೆಂಡು ಹೂ ಏರಿಸಿ, ಅದರ ಮುಂದೆ ನಿಂತೆ. ಎರಡು ವರ್ಷ ಒಂದು ದಿನವೂ ರಜೆಯಿಲ್ಲದೆ, ಹೋದ ಸಲ ಪೂಜೆಗೂ ಕೂರದೆ ದುಡಿದದ್ದು. ನಾಳೆ ಬಿಟ್ಟರೆ ನಾಡಿದ್ದು ಲಕ್ಷ್ಮೇಶ್ವರದ ಬಸ್ಸು. ಇವತ್ತಾದರೂ ಮಲಗಲಿ ಅನಿಸಿತು. ಕೈ ಮುಗಿದು ಸ್ವಿಚ್ ಆರಿಸಿದೆ. ಗುಂಯ್ ನಿಂತಿತು.

ಮನೆಯವರು ಮಧ್ಯಾಹ್ನ ಬಂದು ಕಾಲು ತೊಳೆದು ಒಳಗೆ ಕಾಲಿಟ್ಟವರು ಅಲ್ಲೇ ನಿಂತರು. ಹಸಿರು ದೀಪ ಇಲ್ಲ. ನನ್ನ ಮುಖ ನೋಡಿದರು. ಬೈಯುತ್ತಾರೆ ಅಂದುಕೊಂಡೆ.

"ಇರ್ಲಿ ಬಿಡು. ಹೆಂಗಿದ್ರೂ ಆರಿಸೋದಽ ಇತ್ತಲ್ಲ" ಎಂದರು.

ಬೈದಿದ್ದರೆ ಒಳ್ಳೆಯದಿತ್ತು. ಎಲೆ ಹಾಕಿ ಹೋಳಿಗೆ ಬಡಿಸಿದೆ.

ಊಟ ಮುಗಿದು, ರೂಢಿಯಂತೆ ಫೋನಿನಲ್ಲಿ ಮೇಲ್ ತೆರೆದೆ; ಡಬ್ಬಿ ಮಲಗಿದ್ದರೂ ಮೇಲ್ ಬೇರೆ ದಾರಿಯಿಂದ ಬರುತ್ತದೆ. ಇನ್ನೇನು ಲಾಟರಿ ಎಂದುಕೊಂಡೆ. ಐದು ಪತ್ರಗಳಿದ್ದವು. ಐದೂ ಜರಡಿಯ ಬಗ್ಗೆ.

ನನ್ನ ಇಂಗ್ಲಿಷು ನಿಧಾನ. ಬೆರಳಿಟ್ಟು ಓದಿದೆ. ಒಬ್ಬರು, ಯಾವ ದೇಶದವರೋ, ಪ್ರತಿ ಸೋಮವಾರ ನಿಮ್ಮಲ್ಲಿಗೆ ಬರುತ್ತೇನೆ, ಇವತ್ತು ಬಾಗಿಲು ಮುಚ್ಚಿದೆ, ನೀವೆಲ್ಲ ಆರಾಮವಿದ್ದೀರಷ್ಟೇ ಎಂದು ಕೇಳಿದ್ದರು. ಒಬ್ಬರು ಬೈದಿದ್ದರು, ಮುಚ್ಚುವುದಾದರೆ ಮೊದಲೇ ಹೇಳಬಾರದೇ ಎಂದು. ಆ ಬೈಗುಳ ಓದಿ ನನ್ನ ಕಣ್ಣು ತುಂಬಿತು. ಬೇಡವಾದದ್ದಕ್ಕೆ ಯಾರಾದರೂ ಕೂತು ಬೈದು ಬರೆಯುತ್ತಾರೆಯೇ? ಕಡೆಯದು ಒಬ್ಬ ಹೆಣ್ಣುಮಗಳದು. ಹೊಸ ಕೆಲಸ, ಮೊದಲ ಜವಾಬ್ದಾರಿ, ಸಂಜೆಯೊಳಗೆ ಪ್ರೋಗ್ರಾಮ್ ಒಪ್ಪಿಸಬೇಕು, ಜರಡಿ ಇಲ್ಲದೆ ಕಸದ ಸಾಲು ಎಲ್ಲಿದೆ ಕಾಣುತ್ತಿಲ್ಲ. ಹಿಂದೆ ಸೋಸಿದ್ದರ ಕೆಳಗೆ ಈ ವಿಳಾಸ ಸಿಕ್ಕಿತು. ನಿಮ್ಮ ಸಹಾಯದ ಪುಟ ಓದಿದರೆ ಯಾರೋ ಅಡುಗೆಮನೆಯಲ್ಲಿ ಪಕ್ಕ ನಿಂತು ಹೇಳಿಕೊಟ್ಟಂತಿರುತ್ತದೆ, ದಯವಿಟ್ಟು ಒಮ್ಮೆ ತೆರೆಯಿರಿ.

ಫೋನನ್ನು ಮನೆಯವರ ಕೈಗೆ ಕೊಟ್ಟೆ. ಅವರು ಓದಿದರು. ಮತ್ತೊಮ್ಮೆ ಓದಿದರು. ಎದ್ದು ಸ್ಟೂಲಿನವರೆಗೆ ಹೋಗಿ ಕೈ ಚಾಚಿದವರು, ಹೂವು, ಕುಂಕುಮ ಕಂಡು ಕೈ ಹಿಂದೆ ತೆಗೆದರು. ನನ್ನ ಕಡೆ ನೋಡಿದರು. ಈ ಮನೆಯಲ್ಲಿ ನೇಮದ ಪೊಲೀಸು ನಾನೇ ತಾನೆ? ಮದುವೆಯಾಗಿ ಬಂದಂದಿನಿಂದ ಪೂಜೆಗಿಟ್ಟ ಒಂದು ಸೂಜಿಯನ್ನೂ ನಾನು ಯಾರಿಗೂ ಎತ್ತಲು ಬಿಟ್ಟಿಲ್ಲ. ಸಂಜೆಗೆ ಇನ್ನೆಷ್ಟು ಹೊತ್ತಿದೆ? ಆ ಹುಡುಗಿ ಅಲ್ಲಿ ಕಾಯುತ್ತಿದ್ದಾಳೆ. ದೇವರು ಇಲ್ಲಿ ಕೂತಿದ್ದಾನೆ. ನಾನು ನಡುವೆ.

ಹೊರಸಿನ ಮೇಲೆ ಅಡ್ಡಾಗಿದ್ದ ಅತ್ತೆ ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಡೋಣಿ ಎಂಬ ಹಳ್ಳಿಯವರು ಅವರು, ಕಪ್ಪತಗುಡ್ಡದ ಗಾಳಿ ಕುಡಿದು ಬೆಳೆದವರು, ಮಾತು ಕಡಿಮೆ.

"ಗಿರಿಜಾ, ಮುಂಜಾನೆ ಒಲಿಗೂ ಕುಂಕುಮ ಹಚ್ಚಿದ್ಯಲ್ಲ?" ಎಂದರು.

"ಹೂಂ ರಿ, ಅತ್ತಿ."

"ಮತ್ತ ಹೋಳಿಗಿ ಎದರ ಮ್ಯಾಲ ಬೇಯಿಸಿದಿ?"

ನಾನು ಒಲೆಯ ಕಡೆ ತಿರುಗಿ ನೋಡಿದೆ.

"ಕೊಯ್ಯೋವು ಒಂದಿನ ಸುಮ್ನ ಕುಂಡ್ರಲಿ ಅಂತ ಮಾಡ್ಯಾರವ್ವ. ಮಂದಿ ಹಾದಿ ಕಾಯೋವನ್ನ ಯಾಕ ಕುಂಡ್ರಸ್ತಿ? ನಿಂದು ಕೊಯ್ಯೋದೋ, ಉಣಸೋದೋ, ನೀನಽ ನೋಡು."

ಜರಡಿ ಏನನ್ನು ಕೊಯ್ಯುತ್ತದೆ? ಮನೆಯವರು ಎಷ್ಟು ಸಲ ಹೇಳಿದ್ದಾರೆ, ಅದು ಯಾವ ಸಾಲನ್ನೂ ಕತ್ತರಿಸುವುದಿಲ್ಲ, ಬರೀ ತೋರಿಸುತ್ತದೆ ಎಂದು. ಜಗಲಿಯ ಮುಂದೆ ತಲೆಬಾಗಿ ತಪ್ಪಾಯಿತಪ್ಪ ಎಂದೆ. ಹೂ ಸರಿಸಲಿಲ್ಲ. ಕುಂಕುಮ ಒರೆಸಲಿಲ್ಲ. ಸ್ವಿಚ್ ಒತ್ತಿದವಳು ನಾನೇ. ಗುಂಯ್ ಎಂದಿತು. ಚೆಂಡು ಹೂವಿನ ಸಂದಿಯಿಂದ ಹಸಿರು ದೀಪ ಕಣ್ಣು ಬಿಟ್ಟಿತು.

ಐದೂ ಮಂದಿಗೆ ಉತ್ತರ ಬರೆದೆವು. ನಾನು ಹೇಳಿದೆ, ಅವರು ಇಂಗ್ಲಿಷು ಮಾಡಿದರು. ನಮ್ಮಲ್ಲಿ ಇವತ್ತು ದುಡಿಯುವ ವಸ್ತುಗಳಿಗೆ ಕೈ ಮುಗಿದು ವಿಶ್ರಾಂತಿ ಕೊಡುವ ಹಬ್ಬ, ಜರಡಿಯೂ ಸ್ವಲ್ಪ ಮಲಗಿತ್ತು, ಎದ್ದಿದೆ ಬನ್ನಿ, ಎಂದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಹುಡುಗಿಯ ಮರುಪತ್ರ ಬಂತು. ಒಂದೇ ಸಾಲು. ಒಪ್ಪಿಸಿದೆ, ನಿಮ್ಮ ಜರಡಿಗೆ ನನ್ನದೂ ಒಂದು ನಮಸ್ಕಾರ ಹೇಳಿ.

ಹೇಳಿದೆ. (ಖರೆ ಹೇಳುತ್ತೇನೆ, ಡಬ್ಬಿಯ ಹತ್ತಿರ ಬಾಗಿ, ಮೆಲ್ಲಗೆ.)

ಮರುದಿನ ಬನ್ನಿ ಮುಡಿದು ಬಂದ ಮನೆಯವರು ಅತ್ತೆಗೆ ಕೊಟ್ಟರು, ನನಗೆ ಕೊಟ್ಟರು, ಉಳಿದ ಎರಡು ಎಲೆ ಡಬ್ಬಿಯ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ಬಚ್ಚಲಿನಿಂದ ಹಾಡು ಕೇಳಿಸಿತು. ಅಷ್ಟರಲ್ಲಿ ತಂಗಿಯ ಫೋನು. ಇಲ್ಲವ್ವ, ಡಬ್ಬಿ ಕಳಿಸುವುದಿಲ್ಲ, ಅಂಗಡಿಗೆ ಗಿರಾಕಿ ಇದ್ದಾರೆ ಎಂದೆ. ಎಷ್ಟು ಮಂದಿ ಎಂದಳು. ಐದು ಎಂದೆ. ಅವಳು ನಕ್ಕಳು. ನಗಲಿ. ದೇವರು ಐದು ಮಂದಿಯನ್ನು ಕೊಟ್ಟರೆ ಐದಕ್ಕೇ ಕೈ ಮುಗಿಯುವವಳು ನಾನು.

ಆದರೂ ಒಂದು ಮಾತು ಮನಸ್ಸಿನಿಂದ ಹೋಗಲಿಲ್ಲ. ಅವರೆಲ್ಲ ಎರಡು ವರ್ಷ ಯಾಕೆ ಸುಮ್ಮನಿದ್ದರು? ಬಳಸುತ್ತಿದ್ದರಲ್ಲ, ಒಂದು ಸಾಲು ಬರೆದಿದ್ದರೆ ನಮ್ಮ ಮನೆಯವರ ಹಾಡು ನಿಲ್ಲುತ್ತಿರಲಿಲ್ಲವಲ್ಲ? ಸಿಟ್ಟು ಬರಬೇಕಿತ್ತು. ಬರುವ ಮೊದಲೇ ನಲ್ಲಿಯಲ್ಲಿ ನೀರು ಬಂತು.

ನಮ್ಮ ಊರಿನ ನಲ್ಲಿಯಲ್ಲಿ ನೀರು ಬರುವುದು ಎಷ್ಟೋ ದಿನಕ್ಕೊಮ್ಮೆ. ಬಂದ ದಿನವೇ ಹಬ್ಬ. ನಮ್ಮ ಓಣಿಗೆ ನೀರು ಬಿಡುವವರೊಬ್ಬರಿದ್ದಾರೆ. ಬಾರದ ದಿನ ಅವರನ್ನು ಹುಡುಕಿಕೊಂಡು ಹೋಗಿ ಬಿರುಸಾಗಿ ಮಾತಾಡಿದವರಲ್ಲಿ ನಾನೂ ಇದ್ದೇನೆ. ಬಂದ ದಿನ? ಕೊಡ ತುಂಬಿಕೊಂಡು ಬಾಗಿಲು ಹಾಕಿಕೊಂಡಿದ್ದೇನೆ.

ಕೊಡಗಳನ್ನು ಒಳಗಿಟ್ಟು, ಎರಡು ಬನ್ನಿ ಎಲೆ ಹಿಡಿದು ಓಣಿಯ ತುದಿಗೆ ಹೋದೆ. ನಾನು ಬರುವುದನ್ನು ಕಂಡು ಅವರ ಮುಖ ಸಣ್ಣಗಾಯಿತು.

"ಏನಾತ್ರಿ ಅಕ್ಕಾರ, ನೀರ ಬರವಲ್ದೇನ್ರಿ?"

ಬಂದಿದೆ, ಚೆನ್ನಾಗಿಯೇ ಬಂದಿದೆ, ಅದನ್ನು ಹೇಳಲೆಂದೇ ಬಂದೆ ಎಂದೆ. ಬನ್ನಿ ಕೊಟ್ಟೆ. ಅವರು ಎಲೆ ಇಸಿದುಕೊಂಡು, ನನ್ನ ಮುಖ ನೋಡಿ, ಇನ್ನೂ ಕಾಯುತ್ತಲೇ ನಿಂತರು. "ಅದು ಸರಿ. ಮತ್ತ ಕೆಲಸ ಏನಿತ್ರಿ?"

ಇಷ್ಟು ವರ್ಷ ನೀರು ಕುಡಿದ ನಾವು, ಆ ಮನುಷ್ಯನಿಗೆ ದೂರು ಕೇಳುವುದನ್ನು ಬಿಟ್ಟು ಇನ್ನೇನು ಕಲಿಸಿದ್ದೇವೆ, ಹೇಳಿ?